ಕಡಿಮೆ ದುಡ್ಡಿನಲ್ಲಿ ಫ್ಲೈ ಕಟ್ಟುವ ಸಾಮಾನು: ಹುಬ್ಬಳ್ಳಿ-ಧಾರವಾಡದಲ್ಲೇ ಹೊಂದಿಸಿಕೊಳ್ಳುವುದು ಹೇಗೆ

ಫ್ಲೈ, ಅಂದರೆ ಮೀನು ಹಿಡಿಯುವ ಕೃತಕ ಹುಳ, ಕಟ್ಟುವುದನ್ನು ಕಲಿಯಬೇಕು ಅಂತ ಆಸೆ ಇರುವವರು ಮೊದಲು ಹೆದರುವುದು ಸಾಮಾನಿನ ಬೆಲೆಗೆ. ಆನ್‌ಲೈನಲ್ಲಿ ಹುಡುಕಿದರೆ ಕೊಕ್ಕೆ ಹಿಡಿಯುವ ಹೊರದೇಶದ ಒಳ್ಳೆ ವೈಸ್ ಒಂದಕ್ಕೇ ಹತ್ತಾರು ಸಾವಿರ ರೂಪಾಯಿ. ಅದನ್ನು ನೋಡಿಯೇ ಎಷ್ಟೋ ಜನ ಕೈಬಿಡುತ್ತಾರೆ. ಹಾಗೆ ಬಿಡಬೇಡಿ. ಗಾಳದ ಕೊಕ್ಕೆಗೆ ಗರಿ, ಕೂದಲು, ದಾರ ಸುತ್ತಿ ಹುಳದ ಹಾಗೋ ಮರಿಮೀನಿನ ಹಾಗೋ ಕಾಣುವಂತೆ ಮಾಡುವ ಕೆಲಸ ಇದು. ಇದಕ್ಕೆ ಬೇಕಾದ ಮುಕ್ಕಾಲು ಸಾಮಾನು ಹುಬ್ಬಳ್ಳಿಯ ದುರ್ಗದಬೈಲ್ ಸುತ್ತಲಿನ ಓಣಿಗಳಲ್ಲಿ, ಧಾರವಾಡದ ಸುಭಾಸ ರಸ್ತೆಯಲ್ಲಿ, ಗದಗ-ಬೆಟಗೇರಿಯಲ್ಲಿ ಸಿಗುತ್ತದೆ. ಟೇಲರ್, ಅಕ್ಕಸಾಲಿಗ, ರೇಡಿಯೋ ರಿಪೇರಿಯವರು, ಮೋಟಾರ್ ಕಟ್ಟುವವರು ದಿನಾ ಕೈಯಲ್ಲಿ ಹಿಡಿಯುವ ಸಾಮಾನೇ ಅದು. ಹೆಸರು ಬೇರೆ ಅಷ್ಟೇ.

ಒಂದು ಮಾತು ಮಾತ್ರ ತಲೆಯಲ್ಲಿ ಇಟ್ಟುಕೊಳ್ಳಿ. ಅಗ್ಗದ ಸಾಮಾನು ಕೈಕೊಡುವುದು ಯಾವಾಗಲೂ ದಾರ, ಗರಿ ಅಥವಾ ಕೊಕ್ಕೆ ಅದನ್ನು ಮುಟ್ಟುವ ಜಾಗದಲ್ಲಿ. ದಾರ ಬಿಡುವ ಬಾಬಿನ್ ನಳಿಕೆಯ ಬಾಯಿ, ಕ್ಲಿಪ್ಪಿನ ಹಲ್ಲು, ವೈಸಿನ ದವಡೆ, ಕತ್ತರಿಯ ತುದಿ. ಉಳಿದ ಭಾಗ ಒರಟಾಗಿರಲಿ, ಬಣ್ಣ ಹೋಗಿರಲಿ, ಏನೂ ಆಗುವುದಿಲ್ಲ. ದುಬಾರಿ ಸಾಮಾನಿಗೆ ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಹೋಗುವುದು ಈ ಮುಟ್ಟುವ ಜಾಗವನ್ನು ನುಣುಪು ಮಾಡಿದ್ದಕ್ಕೆ, ಮತ್ತು ಆ ನುಣುಪನ್ನು, ಕತ್ತರಿಯೊಂದನ್ನು ಬಿಟ್ಟು, ನೀವು ಮನೆಯಲ್ಲಿ ಕೂತು ಅರ್ಧ ಗಂಟೆಯಲ್ಲಿ ತರಬಹುದು. ಅದಕ್ಕೇ ಮೊದಲು ಕೊಳ್ಳಬೇಕಾದದ್ದು ವೈಸ್ ಅಲ್ಲ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ. 400, 1000, 1500 ನಂಬರಿನದು ಒಂದೊಂದು ಹಾಳೆ ಸಾಕು, ವರ್ಷಗಟ್ಟಲೆ ಬರುತ್ತದೆ.

ವೈಸ್

ಕೊಕ್ಕೆಯನ್ನು ಅಲುಗಾಡದಂತೆ ಹಿಡಿಯುವುದೇ ವೈಸಿನ ಕೆಲಸ. ಅದು ಇಲ್ಲದೆಯೂ ಫ್ಲೈ ಕಟ್ಟಬಹುದು. ಅಮೆರಿಕದ ಹೆಸರಾಂತ ಗಾಳಗಾರ ಲೀ ವುಲ್ಫ್ ಬರೀ ಬೆರಳಲ್ಲಿ ಕೊಕ್ಕೆ ಹಿಡಿದು ತೀರಾ ಸಣ್ಣ ಫ್ಲೈ ಕಟ್ಟಿ ತೋರಿಸುತ್ತಿದ್ದರು. ಆದರೆ ಕಲಿಯುವವರಿಗೆ ಎರಡೂ ಕೈ ಖಾಲಿ ಇರಬೇಕು, ಹಾಗಾಗಿ ವೈಸ್ ಬೇಕೇ ಬೇಕು.

ಅಗ್ಗದ ವೈಸ್‌ಗಳಲ್ಲಿ ಬಹಳಷ್ಟು ಭಾರತದಲ್ಲೇ ತಯಾರಾಗುತ್ತವೆ. ಹೊರದೇಶದಲ್ಲಿ ಹೊಸಬರಿಗೆ ಮಾರುವ ಕಿಟ್‌ಗಳಲ್ಲೂ ಇವೇ ಇರುತ್ತವೆ. ಅಮೆರಿಕದ ಇಲಿನಾಯ್ಸ್ ರಾಜ್ಯದ ಎಲ್ಜಿನ್ ಊರಿನಲ್ಲಿ ಥಾಂಪ್ಸನ್ ಕಂಪನಿ ಮಾಡುತ್ತಿದ್ದ ಹಳೇ 'ಮಾಡೆಲ್ ಎ' ಮಾದರಿಯನ್ನೇ ಇವು ಅನುಸರಿಸುತ್ತವೆ. ಹಿಂದಿನ ಸನ್ನೆ ಒತ್ತಿದರೆ ಒಳಗಿನ ಸರಳು ಹಿಂದಕ್ಕೆ ಜಗ್ಗುತ್ತದೆ, ಸೀಳಿರುವ ದವಡೆ ಕೊಳವೆಯೊಳಗೆ ಎಳೆದುಕೊಂಡು ಮುಚ್ಚುತ್ತದೆ, ಕೊಕ್ಕೆ ಸಿಕ್ಕಿಕೊಳ್ಳುತ್ತದೆ. ತಿರುಗುವ ರೋಟರಿ ವೈಸ್ ಈಗಲೇ ಬೇಡ, ಅದರ ಉಪಯೋಗ ಗೊತ್ತಾಗುವುದು ಕೈ ಪಳಗಿದ ಮೇಲೆ.

ಕೈಗೆ ಬಂದ ಕೂಡಲೇ ಪರೀಕ್ಷೆ ಮಾಡಿ. 8ನೇ ನಂಬರಿನ ಕೊಕ್ಕೆ ಸಿಕ್ಕಿಸಿ, ದಾರ ಪೋಣಿಸುವ ತೂತು, ಅಂದರೆ ಕೊಕ್ಕೆಯ ಕಣ್ಣು, ಇರುವ ತುದಿಯನ್ನು ಬೆರಳಿಂದ ಕೆಳಗೆ ಒತ್ತಿ. ಕೊಕ್ಕೆಯ ತಂತಿ ಬಾಗಬೇಕು, ದವಡೆಯಲ್ಲಿ ಜಾರಬಾರದು. ಜಾರಿದರೆ ದವಡೆಯ ಅಂತರ ಸರಿಹೊಂದಿಸುವ ತಿರುಪನ್ನು ಸ್ವಲ್ಪ ಬಿಗಿ ಮಾಡಿ ಮತ್ತೆ ನೋಡಿ. ದಪ್ಪ ಕೊಕ್ಕೆಗೆ ಸಡಿಲ, ಸಣ್ಣದಕ್ಕೆ ಬಿಗಿ. ಪ್ರತಿ ಸಲ ಕೊಕ್ಕೆ ಸೈಜ್ ಬದಲಿಸಿದಾಗ ಇದನ್ನು ಮಾಡಬೇಕು. ಅದನ್ನು ಬಿಟ್ಟು ಸನ್ನೆಯನ್ನೇ ಜೋರಾಗಿ ಒತ್ತಿದರೆ ಮೆತ್ತನೆ ಕಬ್ಬಿಣದ ದವಡೆ ಬಾಯಿ ಬಿಟ್ಟುಕೊಳ್ಳುತ್ತದೆ. ಕೊಕ್ಕೆಯನ್ನು ಹಿಡಿಯುವ ಜಾಗವೂ ಮುಖ್ಯ. ಬಾಗಿದ ಭಾಗದ ಕೆಳತುದಿಯನ್ನು ಮಾತ್ರ ದವಡೆಗೆ ಕೊಡಿ, ಮೊನೆಯನ್ನು ಒಳಗೆ ಸಿಕ್ಕಿಸಬೇಡಿ. ಹದ ಹಾಕಿದ ಉಕ್ಕು ಗಡುಸು, ಮೊನೆ ಪಟ್ ಅಂತ ಮುರಿಯುತ್ತದೆ, ಅಥವಾ ಕಣ್ಣಿಗೆ ಕಾಣದ ಸೀಳು ಬಿಟ್ಟು ಮೀನು ಸಿಕ್ಕಾಗ ಕೈಕೊಡುತ್ತದೆ.

ಅಷ್ಟೂ ಖರ್ಚು ಬೇಡ ಅನ್ನುವವರಿಗೆ ಎರಡು ದಾರಿ. ಒಂದು, ಗಡಿಯಾರ ರಿಪೇರಿಯವರೂ ಅಕ್ಕಸಾಲಿಗರೂ ಬಳಸುವ ಪಿನ್ ವೈಸ್. ಪೆನ್ನಿನಷ್ಟು ಉದ್ದ, ತುದಿಯಲ್ಲಿ ಬಿಗಿಹಿಡಿಯುವ ಸಣ್ಣ ಚಕ್. ಮರದ ದಿಮ್ಮಿಗೆ ಓರೆಯಾಗಿ ತೂತು ಕೊರೆದು ಅದರಲ್ಲಿ ನಿಲ್ಲಿಸಿದರೆ 12ರಿಂದ 16ನೇ ನಂಬರಿನವರೆಗಿನ ಸಣ್ಣ ಕೊಕ್ಕೆಗೆ ಬಹಳ ಚಲೋ ಹಿಡಿತ. ಕೊಕ್ಕೆಯಲ್ಲಿ ನಂಬರ್ ಹೆಚ್ಚಾದಷ್ಟೂ ಸೈಜ್ ಚಿಕ್ಕದು, ಇದು ಗೊತ್ತಿರಲಿ. ಇನ್ನೊಂದು, ಗ್ಯಾರೇಜ್‌ನವರ ಲಾಕಿಂಗ್ ಪ್ಲೈಯರ್. ಅದರ ಹಿಡಿಯನ್ನು ಮೇಜಿನ ಅಂಚಿಗೆ ಬಡಗಿಗಳ ಸಿ-ಕ್ಲಾಂಪಿನಿಂದ ಬಿಗಿದರೆ ಆಯಿತು. 2, 4, 6ನೇ ನಂಬರಿನ ದೊಡ್ಡ ಕೊಕ್ಕೆಯನ್ನು ಯಾವ ದುಬಾರಿ ವೈಸಿಗೂ ಕಡಿಮೆ ಇಲ್ಲದಂತೆ ಹಿಡಿಯುತ್ತದೆ. ಅದರ ಹಲ್ಲು ಮಾತ್ರ ಕೊಕ್ಕೆಗೆ ಗಾಯ ಮಾಡುತ್ತದೆ. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯಿಂದ ಎರಡು ಸಣ್ಣ ತುಂಡು ಕತ್ತರಿಸಿ ಹಲ್ಲಿನ ಮೇಲೆ ಮಡಚಿ ಕೂರಿಸಿ, ಸವೆದಾಗ ಬದಲಿಸಿ.

ಬೆಳಕು, ಕನ್ನಡಕ, ಫ್ಯಾನು

ಇದನ್ನು ಯಾರೂ ಸಾಮಾನಿನ ಪಟ್ಟಿಗೆ ಸೇರಿಸುವುದೇ ಇಲ್ಲ. ನನ್ನ ಕೇಳಿದರೆ ಎರಡನೇ ಖರ್ಚು ಇಲ್ಲೇ ಆಗಬೇಕು. ಕೈ ನಡುಗುತ್ತದೆ, ನನಗೆ ಇದು ಆಗಿಬರುವುದಿಲ್ಲ ಅನ್ನುವವರಲ್ಲಿ ಅರ್ಧ ಜನರಿಗೆ ನಿಜವಾಗಿ ಆಗುತ್ತಿರುವುದು ಕಾಣದಿರುವುದು. ಬಾಗುವ ಕತ್ತಿನ ಎಲ್‌ಇಡಿ ಟೇಬಲ್ ಲ್ಯಾಂಪ್ ತಗೊಳ್ಳಿ, ಬಿಳಿ ಬೆಳಕಿನದು. ಹಳದಿ ಬೆಳಕಿನಲ್ಲಿ ಕಂದು, ಆಲಿವ್, ಬೂದು ಎಲ್ಲ ಒಂದೇ ಥರ ಕಾಣುತ್ತವೆ. ಬೆಳಕು ಎಡಗಡೆ ಮೇಲಿನಿಂದ ಬರಲಿ, ಆಗ ಬಲಗೈ ನೆರಳು ಕೊಕ್ಕೆ ಮೇಲೆ ಬೀಳುವುದಿಲ್ಲ. ಎಡಗೈಯವರು ತಿರುಗಾಮುರುಗಾ ಮಾಡಿಕೊಳ್ಳಿ. ಕರೆಂಟ್ ಹೋಗುವ ಊರಾದರೆ ಚಾರ್ಜಿಂಗ್ ಇರುವ ಲ್ಯಾಂಪೇ ಒಳ್ಳೇದು.

ಓದುವ ಕನ್ನಡಕ ಬಜಾರಿನಲ್ಲಿ ಅಗ್ಗಕ್ಕೆ ಸಿಗುತ್ತದೆ. ವಯಸ್ಸು ಚಿಕ್ಕದಿದ್ದರೂ +1.5 ಅಥವಾ +2 ಹಾಕಿ ನೋಡಿ, ಕೊಕ್ಕೆಯ ಕಣ್ಣು ಎಷ್ಟು ದೊಡ್ಡದಾಗಿ ಕಾಣುತ್ತದೆ ಅಂತ ನಿಮಗೇ ಆಶ್ಚರ್ಯ ಆಗುತ್ತದೆ. ವೈಸಿನ ಹಿಂದೆ ತಿಳಿ ಹಸಿರು ಇಲ್ಲವೇ ತಿಳಿ ನೀಲಿ ಡ್ರಾಯಿಂಗ್ ಹಾಳೆ ಒಂದು ನಿಲ್ಲಿಸಿ. ಸಣ್ಣ ದಾರ, ಒಂಟಿ ಕೂದಲು ಎಲ್ಲ ಅದರ ಮುಂದೆ ಎದ್ದು ಕಾಣುತ್ತವೆ, ಕಣ್ಣಿಗೆ ಆಯಾಸವೂ ಕಡಿಮೆ.

ಇನ್ನು ಫ್ಯಾನು. ನಮ್ಮ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಫ್ಯಾನ್ ಇಲ್ಲದೆ ಕೂರುವುದು ಆಗದ ಮಾತು, ಫ್ಯಾನ್ ಹಾಕಿದರೆ ಮೇಜಿನ ಮೇಲಿನ ಗರಿ, ಉಣ್ಣೆ ಎಲ್ಲ ಹಾರಿ ಮನೆ ತುಂಬುತ್ತದೆ. ಮೂರು ಕಡೆ ಅಂಚು ಇರುವ ಒಂದು ರಟ್ಟಿನ ಪೆಟ್ಟಿಗೆಯನ್ನು ಅಡ್ಡ ಮಲಗಿಸಿ, ಅದರೊಳಗೆ ಗರಿ, ಕೂದಲು ಇಡಿ. ಟೇಬಲ್ ಫ್ಯಾನ್ ಇದ್ದರೆ ಕಾಲಿನ ಕಡೆಗೆ, ಮೇಜಿನ ಕೆಳಗೆ ಗಾಳಿ ಬರುವಂತೆ ಇಟ್ಟುಕೊಳ್ಳಿ. ವೈಸಿನ ಕೆಳಗೆ ಮೇಜಿನ ಅಂಚಿಗೆ ಒಂದು ಕ್ಯಾರಿಬ್ಯಾಗ್ ಟೇಪ್ ಹಾಕಿ ಬಾಯಿ ತೆರೆದಿರುವಂತೆ ಅಂಟಿಸಿದರೆ ಕತ್ತರಿಸಿದ್ದೆಲ್ಲ ಅದರಲ್ಲೇ ಬೀಳುತ್ತದೆ. ಮನೆಯವರ ಜೊತೆ ಜಗಳ ತಪ್ಪಿಸುವ ಸಾಮಾನು ಇದು! ಹಳೇ ಸ್ಪೀಕರಿನ ಆಯಸ್ಕಾಂತ ಒಂದನ್ನು ಪಕ್ಕಕ್ಕೆ ಇಡಿ, ಕೊಕ್ಕೆ ಎಲ್ಲ ಅದಕ್ಕೆ ಅಂಟಿಕೊಂಡಿರಲಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ನೆಲಕ್ಕೆ ಬಿದ್ದ ಕೊಕ್ಕೆ ಸುಮ್ನೆ ಬಿಡುವ ವಿಷಯ ಅಲ್ಲ. ಎದ್ದೇಳುವ ಮುಂಚೆ ಆಯಸ್ಕಾಂತವನ್ನು ನೆಲದ ಮೇಲೆ ಒಂದು ಸಲ ಆಡಿಸಿ.

ಬಾಬಿನ್: ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ

ಬಾಬಿನ್ ಹೋಲ್ಡರ್ ಎಂದರೆ ದಾರದ ಉಂಡೆಯನ್ನು ಎರಡು ಕಾಲಿನ ನಡುವೆ ಹಿಡಿದು, ಸಣ್ಣ ನಳಿಕೆಯ ಮೂಲಕ ದಾರ ಬಿಡುವ ಸಾಮಾನು. ಕೈ ಬಿಟ್ಟರೂ ಅದರ ಭಾರಕ್ಕೆ ದಾರ ಬಿಗಿಯಾಗಿ ನಿಂತಿರುತ್ತದೆ, ಅದೇ ಅದರ ದೊಡ್ಡ ಗುಣ. ಅಗ್ಗದ ಬಾಬಿನ್ನಿನ ದೊಡ್ಡ ರೋಗ ದಾರ ಕಡಿಯುವುದು. ಫ್ಲೈ ಮುಗಿಯುತ್ತಾ ಬಂದಾಗ ದಾರ ಪಟಕ್ಕನೆ ಹೋಯಿತು ಅಂದರೆ ಕಟ್ಟಿದ್ದೆಲ್ಲ ಬಿಚ್ಚಿಕೊಳ್ಳುತ್ತದೆ. ದಾರ ಸರಿ ಇಲ್ಲ ಅಂತ ಅದನ್ನೇ ಬೈಯುತ್ತೇವೆ, ತಪ್ಪು ಸಾಮಾನ್ಯವಾಗಿ ನಳಿಕೆಯ ಬಾಯಿಯದು. ಕೊಯ್ದ ಅಂಚನ್ನು ಉಜ್ಜದೆ ಹಾಗೇ ಬಿಟ್ಟಿರುತ್ತಾರೆ.

ಹತ್ತಿ ತೆಗೆದುಕೊಂಡು ನಳಿಕೆಯ ಬಾಯಿ ಸುತ್ತ ಒರೆಸಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಮುಳ್ಳು ಇದೆ. 1000 ನಂಬರಿನ ವಾಟರ್ ಪೇಪರನ್ನು ತುಸು ನೀರಲ್ಲಿ ನೆನೆಸಿ ಹೆಬ್ಬೆರಳ ಮೇಲೆ ಇಟ್ಟು, ನಳಿಕೆಯನ್ನು ಅದರ ಮೇಲೆ ನೆಟ್ಟಗೆ ಮತ್ತು ಓರೆಯಾಗಿ ತಿರುಗಿಸಿ. ಹೊರ ಅಂಚು ದುಂಡಾಗುತ್ತದೆ. ಒಳ ಅಂಚಿಗೆ 1500 ನಂಬರಿನ ಪೇಪರನ್ನು ಸಣ್ಣ ತ್ರಿಕೋನವಾಗಿ ಕತ್ತರಿಸಿ ಬತ್ತಿ ಹೊಸೆದ ಹಾಗೆ ಹೊಸೆದು, ಬಾಯಿಯೊಳಗೆ ತುರುಕಿ ತಿರುಗಿಸಿ. ಆಮೇಲೆ ದಪ್ಪ ಹತ್ತಿ ದಾರಕ್ಕೆ ಸ್ವಲ್ಪ ಮೆಟಲ್ ಪಾಲಿಶ್ ಹಚ್ಚಿ ನಳಿಕೆಯ ಒಳಗೆ ಹಿಂದೆ ಮುಂದೆ ಎಳೆಯಿರಿ. ಮತ್ತೆ ಹತ್ತಿ ಹಚ್ಚಿ ನೋಡಿ. ಎಳೆ ಸಿಕ್ಕದಿದ್ದರೆ ಮುಗಿಯಿತು, ಆ ಬಾಬಿನ್ ಇನ್ನು ದುಬಾರಿ ಸೆರಾಮಿಕ್ ನಳಿಕೆಯ ಬಾಬಿನ್ನಿಗೆ ಹತ್ತಿರ ಬಂತು ಅಂತಲೇ ಲೆಕ್ಕ.

ಬಿಗಿ ಎಷ್ಟಿರಬೇಕು? ತೂಗು ಬಿಟ್ಟಾಗ ತನ್ನ ಭಾರಕ್ಕೆ ತಾನೇ ಬಿಚ್ಚಿಕೊಳ್ಳಬಾರದು, ಕೈಯಿಂದ ಎಳೆದಾಗ ದಾರ ಕಡಿಯುವ ಮುಂಚೆಯೇ ಬಿಡಬೇಕು. ಜಾಸ್ತಿ ಬಿಗಿ ಇದ್ದರೆ ಉಂಡೆ ತೆಗೆದು ಎರಡು ಕಾಲನ್ನು ಹೊರಗೆ ಸ್ವಲ್ಪ ಅಗಲಿಸಿ, ಸಡಿಲ ಇದ್ದರೆ ಒಳಗೆ ಒತ್ತಿ. ಸ್ವಲ್ಪ ಸ್ವಲ್ಪವೇ ಮಾಡಿ.

ನೀವೇ ಮಾಡಿಕೊಳ್ಳುವುದಾದರೆ ಸೈಕಲ್ ಸ್ಪೋಕ್ ಸಾಕು, ಒಳ್ಳೆ ಸ್ಪ್ರಿಂಗ್ ಗುಣ ಇರುವ ತಂತಿ ಅದು. ಯು ಆಕಾರಕ್ಕೆ ಬಾಗಿಸಿ, ಎರಡೂ ತುದಿಯನ್ನು ಒಳಮುಖವಾಗಿ ಮಡಚಿ, ತುದಿಗೆ ಒಂದೊಂದು ದುಂಡನೆ ಪ್ಲಾಸ್ಟಿಕ್ ಮಣಿ ಅಂಟಿಸಿ. ಹೊಲಿಗೆ ಮಷಿನ್ನಿನ ಬಾಬಿನ್ನಿನ ನಡುತೂತಿನಲ್ಲಿ ಆ ಮಣಿ ಅರ್ಧ ಕೂರಬೇಕು, ಪೂರ್ತಿ ಒಳಗೆ ಹೋಗಬಾರದು. ನಳಿಕೆಗೆ ಔಷಧಿ ಅಂಗಡಿಯಲ್ಲಿ ಸಿಗುವ 18 ಗೇಜಿನ ಹೊಸ ಸೂಜಿ, ಗುಲಾಬಿ ಬಣ್ಣದ ಹಿಡಿ ಇರುವುದು. ಅದರ ಚೂಪು ತುದಿಯನ್ನು ಅರದಿಂದ ಪೂರ್ತಿ ಕೊಯ್ದು ಹಾಕಿ, ಮೇಲೆ ಹೇಳಿದ ಹಾಗೆ ಉಜ್ಜಿ, ಯು ಬಾಗಿನ ಮಧ್ಯಕ್ಕೆ ಎಂ-ಸೀಲ್ ಹಾಕಿ ಕೂರಿಸಿ. ಸೂಜಿಯ ಹಿಂಬಾಯಿ ಮುಚ್ಚಿಹೋಗದಂತೆ ನೋಡಿಕೊಳ್ಳಿ, ದಾರ ಒಳಗೆ ಹೋಗುವುದು ಅಲ್ಲಿಂದಲೇ. ಇಂಥದ್ದು ನಾಲ್ಕೈದು ಮಾಡಿಟ್ಟುಕೊಂಡರೆ ಬಣ್ಣಕ್ಕೊಂದು ಬಾಬಿನ್ ಆಗುತ್ತದೆ, ಪದೇ ಪದೇ ದಾರ ಬದಲಿಸುವ ಕಿರಿಕಿರಿ ಇರುವುದಿಲ್ಲ.

ನಳಿಕೆಗೆ ದಾರ ಪೋಣಿಸುವುದಕ್ಕೆ ಥ್ರೆಡರ್ ಅಂತ ಬೇರೆ ಮಾರುತ್ತಾರೆ. ಧಾರವಾಡದವರಿಗೆ ಅದು ಪುಕ್ಕಟೆ. ಸಂಗೀತದ ಊರು, ಸಿತಾರ್ ನುಡಿಸುವವರ ಮನೆಯಲ್ಲಿ ಕಡಿದುಹೋದ ತಂತಿ ಇದ್ದೇ ಇರುತ್ತದೆ, ಇಲ್ಲವಾದರೆ ವಾದ್ಯದ ಅಂಗಡಿಯಲ್ಲಿ ಕೇಳಿ. ಮೀಟುವ ತಂತಿಗಳ ಕೆಳಗೆ ಇರುವ ತರಬ್ ತಂತಿ ಬೇಕು, ಅದು ಬಹಳ ಸಣ್ಣದು, ಗಟ್ಟಿ ಉಕ್ಕು. ಒಂದು ಗೇಣು ತುಂಡನ್ನು ಮಧ್ಯಕ್ಕೆ ಮಡಚಿ, ಮಡಚಿದ ಜಾಗವನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ, ಎರಡು ತುದಿಯನ್ನು ಹೊಸೆದು ಒಂದು ಮಣಿಗೆ ಅಂಟಿಸಿ. ಮಡಚಿದ ತುದಿಯನ್ನು ನಳಿಕೆಯ ಬಾಯಿಯಿಂದ ಕೆಳಗೆ ತೂರಿಸಿ, ಹೊರಬಂದ ಕುಣಿಕೆಯಲ್ಲಿ ದಾರ ಹಾಕಿ, ಎಳೆದುಬಿಡಿ. ನಳಿಕೆಯೊಳಗೆ ಮೇಣ ಕಟ್ಟಿಕೊಂಡಿದ್ದರೂ ಇದೇ ತಂತಿ ತೆಗೆಯುತ್ತದೆ.

ಕತ್ತರಿ

ಕತ್ತರಿಗೆ ಮಾತ್ರ ಕೈ ಬಿಗಿ ಹಿಡಿಯಬೇಡಿ, ಏಕೆಂದರೆ ಇದರ ತುದಿಯನ್ನು ಮನೆಯಲ್ಲಿ ಸರಿಮಾಡಲು ಆಗುವುದಿಲ್ಲ. ಎರಡು ಕತ್ತರಿ ಬೇಕು. ಒಂದು ಸಣ್ಣ ತುದಿಯದು, ದಾರಕ್ಕೆ ಮತ್ತು ಗರಿಗೆ ಮಾತ್ರ. ಹುಬ್ಬಳ್ಳಿ ವಿದ್ಯಾನಗರದಲ್ಲಿ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಆಸ್ಪತ್ರೆ ಸುತ್ತಮುತ್ತ ಸರ್ಜಿಕಲ್ ಸಾಮಾನಿನ ಅಂಗಡಿಗಳಲ್ಲಿ ಐರಿಸ್ ಕತ್ತರಿ ಅಂತ ಕೇಳಿ. ನಾಲ್ಕೂವರೆ ಇಂಚಿನದು, ನೆಟ್ಟಗಿನದೂ ಬಾಗಿದ್ದೂ ಎರಡೂ ಸಿಗುತ್ತವೆ. ಮೊದಲಿಗೆ ನೆಟ್ಟಗಿನದು ಸಾಕು. ಕೊಳ್ಳುವಾಗ ಬೆಳಕಿಗೆ ಹಿಡಿದು ಮುಚ್ಚಿ ನೋಡಿ, ತುದಿಗಳು ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಆಮೇಲೆ ಒದ್ದೆ ಟಿಶ್ಯೂ ಪೇಪರನ್ನು ಬರೀ ತುದಿಯಿಂದ ಕತ್ತರಿಸಿ. ಹರಿಯದೆ ಕೊಯ್ದರೆ ತಗೊಳ್ಳಿ, ಮಡಚಿಕೊಂಡರೆ ಬೇರೆ ತೋರಿಸಿ ಅನ್ನಿ. ಬೆರಳು ತೂರಿಸುವ ಕುಣಿಕೆ ನಿಮ್ಮ ಬೆರಳಿಗೆ ಆಗುತ್ತದೋ ಅಂತಲೂ ಅಲ್ಲೇ ನೋಡಿ. ಫ್ಲೈ ಕಟ್ಟುವವರು ಕತ್ತರಿಯನ್ನು ಕೆಳಗಿಡದೆ ಬೆರಳಲ್ಲೇ ಇಟ್ಟುಕೊಂಡು ಕೆಲಸ ಮಾಡುತ್ತಾರೆ, ಬಿಗಿಯಾದರೆ ನೋಯುತ್ತದೆ.

ಎರಡನೆಯದು ತಂತಿ, ಜರಿ, ದಪ್ಪ ಗರಿಕಡ್ಡಿ ಕೊಯ್ಯಲು ಯಾವುದಾದರೂ ಹಳೇ ಕತ್ತರಿ. ಇದರಲ್ಲೂ ತಂತಿಯನ್ನು ಅಲಗಿನ ಬುಡದಲ್ಲಿ ಇಟ್ಟು ಕೊಯ್ಯಿರಿ. ಒಳ್ಳೆ ಕತ್ತರಿಯನ್ನು ಮನೆಯಲ್ಲಿ ಬೇರೆಯವರ ಕೈಗೆ ಸಿಗದಂತೆ ಇಡುವುದು ನಿಮ್ಮ ಜವಾಬ್ದಾರಿ. ಓಣಿಯಲ್ಲಿ ಬರುವ ಸಾಣೆಯವರಿಗೂ ಕೊಡಬೇಡಿ. ಅಡುಗೆಮನೆ ಚಾಕುವಿಗೆ ಅವರ ಕೈ ಬಹಳ ಚಲೋ, ಆದರೆ ಆ ಕಲ್ಲಿಗೆ ಐರಿಸ್ ಕತ್ತರಿಯ ತುದಿ ಉಳಿಯುವುದಿಲ್ಲ.

ಉಳಿದ ಚಿಲ್ಲರೆ ಸಾಮಾನು

ಹ್ಯಾಕಲ್ ಪ್ಲೈಯರ್ ಅಂದರೆ ಗರಿಯ ತುದಿ ಹಿಡಿದು ಕೊಕ್ಕೆಗೆ ಸುತ್ತುವ ಚಿಮಟ. ಹುಂಜದ ಕುತ್ತಿಗೆ ಮೇಲಿನ ಉದ್ದ ಕಿರಿದಾದ ಗರಿಗೆ ಹ್ಯಾಕಲ್ ಅನ್ನುತ್ತಾರೆ. ಎಲೆಕ್ಟ್ರಾನಿಕ್ಸ್ ಅಂಗಡಿಯ ಸಣ್ಣ ಮೊಸಳೆ ಕ್ಲಿಪ್ ತಂದು, ಎರಡೂ ದವಡೆಗೆ ಹೀಟ್ ಶ್ರಿಂಕ್ ತೋಳು (ಶಾಖಕ್ಕೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ) ಹಾಕಿ ಬೆಂಕಿಕಡ್ಡಿ ಶಾಖ ಕೊಟ್ಟರೆ ಹಲ್ಲು ಮುಚ್ಚಿಹೋಗುತ್ತದೆ. ಹಲ್ಲು ಹಾಗೇ ಬಿಟ್ಟರೆ ಗರಿಯ ಕಡ್ಡಿ ಕೊಯ್ದುಹೋಗುತ್ತದೆ. ಕ್ಲಿಪ್ಪಿನ ಹಿಂದೆ ಒಂದು ಕೀ ರಿಂಗ್ ಸಿಕ್ಕಿಸಿ, ಬೆರಳು ತೂರಿಸಿ ಸುತ್ತಲು ಅನುಕೂಲ, ತೂಗು ಬಿಟ್ಟಾಗ ಭಾರವೂ ಆಗುತ್ತದೆ.

ಬಾಡ್ಕಿನ್ ಅಂದರೆ ಹಿಡಿ ಇರುವ ಸೂಜಿ. ದಪ್ಪ ಹೊಲಿಗೆ ಸೂಜಿಯನ್ನು ಖಾಲಿ ಪೆನ್ನಿಗೆ ಎಂ-ಸೀಲ್ ಹಾಕಿ ನಿಲ್ಲಿಸಿ. ಅಂಟು ಹಚ್ಚಲು, ಸಿಕ್ಕಿಬಿದ್ದ ಎಳೆ ಬಿಡಿಸಲು, ಕೊಕ್ಕೆಯ ಕಣ್ಣು ತೆರೆಯಲು ಬೇಕು. ವೆಲ್‌ಕ್ರೋ ಪಟ್ಟಿಯ ಒರಟು ಬದಿಯನ್ನು ಐಸ್‌ಕ್ರೀಂ ಕಡ್ಡಿಗೆ ಅಂಟಿಸಿದರೆ ಉಣ್ಣೆ ಕೆದರುವ ಬ್ರಷ್ ಆಯಿತು. ಕೂದಲಿನ ಬುಡದ ಮೆತ್ತನೆ ತುಪ್ಪಟ ತೆಗೆಯಲು ಹೇನಿನ ಹಣಿಗೆ. ಕೂದಲಿನ ತುದಿ ಸಮ ಮಾಡಲು ಖಾಲಿ ಲಿಪ್‌ಸ್ಟಿಕ್ ಡಬ್ಬಿ: ಕೂದಲನ್ನು ತುದಿ ಕೆಳಗಾಗಿ ಒಳಗೆ ಹಾಕಿ ಮೇಜಿಗೆ ನಾಲ್ಕು ಸಲ ಕುಟ್ಟಿದರೆ ತುದಿಗಳು ಒಂದೇ ಮಟ್ಟಕ್ಕೆ ಬರುತ್ತವೆ.

ಕೊನೆಗೆ ಗಂಟು ಹಾಕುವ ವಿಪ್ ಫಿನಿಶರ್. ಸ್ಯಾನ್ ಫ್ರಾನ್ಸಿಸ್ಕೋದ ಫ್ರಾಂಕ್ ಮಟರೆಲ್ಲಿ ಮಾಡಿದ ಮಾದರಿ ಜಗತ್ತಿನಲ್ಲೆಲ್ಲ ಓಡುತ್ತದೆ, ಅದರ ನಕಲುಗಳೂ ಅಗ್ಗಕ್ಕೆ ಬರುತ್ತವೆ. ಕೊಂಡರೆ ಒಳ್ಳೇದೇ, ಆದರೆ ಅವಸರ ಇಲ್ಲ. ಬಾಲ್‌ಪೆನ್ನಿನ ರೀಫಿಲ್ ತೆಗೆದು ಬರೀ ಕೋನ್ ತುದಿ ಇಟ್ಟುಕೊಳ್ಳಿ. ದಾರವನ್ನು ಆ ತುದಿಗೆ ಒಂದು ಸುತ್ತು ಹಾಕಿ, ತುದಿಯ ತೂತನ್ನು ಕೊಕ್ಕೆಯ ಕಣ್ಣಿಗೆ ಮುಟ್ಟಿಸಿ, ಸುತ್ತನ್ನು ಜಾರಿಸಿ ಎಳೆದರೆ ಒಂದು ಹಾಫ್ ಹಿಚ್ ಗಂಟು ಬಿತ್ತು. ಹಾಗೆ ಮೂರ್ನಾಲ್ಕು ಹಾಕಿ. ಇನ್ನೂ ಗಟ್ಟಿ ಬೇಕಾದರೆ ಬೇರೆ ದಾರದ ಒಂದು ತುಂಡನ್ನು ಮಡಚಿ, ಕುಣಿಕೆ ಕಣ್ಣಿನ ಕಡೆ ಚಾಚಿರುವಂತೆ ಫ್ಲೈಯ ತಲೆಯ (ಕಣ್ಣಿನ ಹಿಂದಿನ ಭಾಗದ) ಮೇಲೆ ಮಲಗಿಸಿ, ಅದರ ಮೇಲೆ ಐದಾರು ಸುತ್ತು ಹಾಕಿ. ಕಟ್ಟುವ ದಾರವನ್ನು ಕತ್ತರಿಸಿ ಅದರ ತುದಿಯನ್ನು ಕುಣಿಕೆಗೆ ಪೋಣಿಸಿ, ಕುಣಿಕೆಯನ್ನು ಹಿಂದಿನಿಂದ ಎಳೆದುಬಿಡಿ. ತುದಿ ಸುತ್ತುಗಳ ಕೆಳಗೆ ಹೋಗಿ ಕೂತುಬಿಡುತ್ತದೆ. ಇದು ಬಿಚ್ಚುವುದಿಲ್ಲ.

ಗಂಟು ಬಿಚ್ಚದಂತೆ ಫ್ಲೈಯ ತಲೆಗೆ ಹಚ್ಚುವ ಅಂಟಿಗೆ ಸಿಮೆಂಟ್ ಅನ್ನುತ್ತಾರೆ, ಅದರ ಬದಲು ಬಣ್ಣವಿಲ್ಲದ ನೇಲ್ ಪಾಲಿಶ್ ಸಾಕು. ದಾರಕ್ಕೆ ಸವರಲು ಜೇನುಮೇಣ. ಮೇಣದಬತ್ತಿ ಬೇಡ, ಅದು ಅಂಟುವುದಿಲ್ಲ, ಜಾರುತ್ತದೆ.

ದಾರ, ತಂತಿ, ಗರಿ

ಟೇಲರ್ ಅಂಗಡಿಯ ಸಾಮಾನ್ಯ ಹೊಲಿಗೆ ದಾರ 4ರಿಂದ 8ನೇ ನಂಬರಿನ ಕೊಕ್ಕೆಗೆ ನಡೆಯುತ್ತದೆ. ಅದಕ್ಕಿಂತ ಸಣ್ಣದಕ್ಕೆ ದಪ್ಪವಾಗುತ್ತದೆ, ಎರಡು ಮೂರು ಎಳೆ ಹುರಿ ಹಾಕಿದ ದಾರ ಅಲ್ವಾ. ಫ್ಲೈ ದಾರದ ಮೇಲೆ 70 ಡೆನಿಯರ್, 140 ಡೆನಿಯರ್ ಅಂತ ಬರೆದಿರುತ್ತಾರೆ. 9,000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್, ನೇಕಾರರು ಹೇಳುವ ಡೆನಿಯರೂ ಇದೇ. ಹಾಗಾಗಿ ಬೆಟಗೇರಿಯಲ್ಲೋ ಕಸೂತಿ ದಾರ ಮಾರುವ ಅಂಗಡಿಯಲ್ಲೋ ಸಣ್ಣ ರೇಷ್ಮೆ ಎಳೆ ಕೇಳಿದರೆ ಮಾತು ಸುಲಭವಾಗಿ ಹೊಂದುತ್ತದೆ. ಹುರಿ ಕಡಿಮೆ ಇರುವ ಎಳೆ ಕೊಕ್ಕೆ ಮೇಲೆ ಚಪ್ಪಟೆಯಾಗಿ ಮಲಗುತ್ತದೆ, ಫ್ಲೈಯ ಮೈ ದಪ್ಪ ಆಗುವುದಿಲ್ಲ. ತೂಗುಬಿಟ್ಟ ಬಾಬಿನ್ನನ್ನು ಒಂದು ದಿಕ್ಕಿಗೆ ತಿರುಗಿಸಿದರೆ ಹುರಿ ಬಿಚ್ಚಿ ಚಪ್ಪಟೆ, ಇನ್ನೊಂದು ದಿಕ್ಕಿಗೆ ತಿರುಗಿಸಿದರೆ ದುಂಡು. ಹೊಳಪಿಗೆ ಜರಿ ಅಲ್ಲೇ ಸಿಗುತ್ತದೆ.

ತಂತಿಗೆ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋಗಿ. ಹಾವೇರಿ, ರಾಣೇಬೆನ್ನೂರು, ಗದಗ, ಎಲ್ಲಿ ನೋಡಿದರೂ ಇವೆ. ಎನಾಮಲ್ ಲೇಪಿಸಿದ ತಾಮ್ರದ ತಂತಿ, 36 ಗೇಜಿನ ಆಸುಪಾಸಿನದು ಮೈಮೇಲೆ ಪಟ್ಟೆ ಸುತ್ತಲು, 26 ಗೇಜಿನದು ಭಾರಕ್ಕೆ. ತುಂಡು ತಂತಿ ಕೇಳಿದರೆ ಎಷ್ಟೋ ಸಲ ದುಡ್ಡೂ ತಗೊಳ್ಳುವುದಿಲ್ಲ. ಸೀಸದ ತಂತಿಗಿಂತ ಇದೇ ಮೇಲು, ಕೆರೆಗೂ ಕೈಗೂ ಸೀಸದ ವಿಷ ಇಲ್ಲ.

ಗರಿಗೆ ನಾಟಿ ಕೋಳಿ ಕೊಯ್ಯುವ ಕಡೆ ಹುಂಜದ ಕುತ್ತಿಗೆ ಮತ್ತು ಸೊಂಟದ ಗರಿ ಕೇಳಿ. ಫಾರಂ ಕೋಳಿಯ ಗರಿ ಎಳೆಯದು, ಹಿಡಿಸುವುದಿಲ್ಲ. ಬಿಸಿ ನೀರು, ಶಾಂಪೂ ಹಾಕಿ ಎರಡು ಸಲ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಜಿಪ್ ಚೀಲದಲ್ಲಿ ಹಾಕಿ ಕೆಲವು ದಿನ ಫ್ರೀಜರಿನಲ್ಲಿಡಿ. ಹುಳ, ಮೊಟ್ಟೆ ಇದ್ದರೆ ಸಾಯುತ್ತವೆ. ಒಂದು ಹುಳ ಹಿಡಿದ ಗರಿ ಇಡೀ ಡಬ್ಬಿಯನ್ನು ಹಾಳು ಮಾಡುತ್ತದೆ. ಕೂದಲಿಗೆ ಆಡಿನ ಕೂದಲು, ಮೈಗೆ ಕುರಿ ಉಣ್ಣೆ, ಇವಕ್ಕೆ ನಮ್ಮ ಕಡೆ ಏನು ಬರ?

ಕಾಡುಪ್ರಾಣಿಯ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹೊರದೇಶದ ವಿಡಿಯೋಗಳಲ್ಲಿ ಜಿಂಕೆ ಕೂದಲು ಧಾರಾಳವಾಗಿ ಬಳಸುತ್ತಾರೆ, ಅಲ್ಲಿ ಅದಕ್ಕೆ ಅವಕಾಶ ಇದೆ. ಇಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಜಿಂಕೆ, ಕೃಷ್ಣಮೃಗ, ಕಾಡುಹಕ್ಕಿಯ ಗರಿ ಯಾವುದೂ ಬೇಡ. ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ನಮ್ಮ ಹೆಮ್ಮೆ, ಅಲ್ಲಿ ಬೇಲಿಗೆ ಸಿಕ್ಕಿದ ಕೂದಲನ್ನೂ ಮುಟ್ಟಬಾರದು. ನವಿಲಿನದು ತಾನಾಗಿ ಉದುರಿದ ಬಾಲದ ಗರಿಗೆ ದೇಶದೊಳಗೆ ವಿನಾಯಿತಿ ಇದೆ, ಹೊರದೇಶಕ್ಕೆ ಕಳಿಸುವಂತಿಲ್ಲ. ಹಾಗಂತ ಬಂಕಾಪುರದ ಕೋಟೆಯ ನವಿಲುಧಾಮಕ್ಕೆ ಹೋಗಿ ಆಯ್ದುಕೊಳ್ಳಬೇಡಿ. ನಿಮ್ಮ ಹೊಲದಲ್ಲಿ ಬಿದ್ದದ್ದೊಂದು ಸಿಕ್ಕರೆ ಅದರ ಎಳೆಗಳು ಬಹಳ ಫ್ಲೈಗೆ ಬರುತ್ತವೆ.

ಈ ಸಾಮಾನಿನಲ್ಲೇ ಮೊದಲ ಫ್ಲೈ

ವೂಲಿ ಬಗರ್ ಕಟ್ಟಿ. 1967ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ರಸೆಲ್ ಬ್ಲೆಸಿಂಗ್ ರೂಪಿಸಿದ ಫ್ಲೈ ಇದು. ಜಿಗಣೆಯೋ ಮರಿಮೀನೋ ಸೀಗಡಿಯೋ ಅಂತ ಹೇಳಲಾಗದ ಆಕಾರ, ಹಾಗಾಗಿ ಎಲ್ಲ ಮೀನಿಗೂ ಆಸೆ. ಕೆರೆಯ ಜಿಲೇಬಿ ಮೀನಿಗೆ ಸಣ್ಣದು, ಕೊರವ ಮೀನಿಗೆ ದೊಡ್ಡದು. ಕೆರೆಗೆ ಇಳಿಯುವ ಮುಂಚೆ ಗುತ್ತಿಗೆದಾರರನ್ನೋ ಪಂಚಾಯಿತಿಯನ್ನೋ ಕೇಳಿ.

8ನೇ ನಂಬರಿನ ಉದ್ದ ಕೊಕ್ಕೆ ಸಿಕ್ಕಿಸಿ, ಕಣ್ಣಿನ ಹಿಂದಿನಿಂದ ಬಾಗಿನವರೆಗೆ ದಾರ ಸುತ್ತಿ. ಭಾರಕ್ಕೆ 26 ಗೇಜಿನ ತಂತಿಯನ್ನು ಕೊಕ್ಕೆಯ ಕಾಂಡದ (ನೆಟ್ಟಗಿನ ಭಾಗದ) ಮಧ್ಯದಲ್ಲಿ ಹತ್ತು ಸುತ್ತು ಹಾಕಿ, ಅದರ ಮೇಲೆ ದಾರ ಓಡಿಸಿ. ಬಾಲಕ್ಕೆ ಕೋಳಿಗರಿಯ ಬುಡದ ಮೆತ್ತನೆ ತುಪ್ಪುಳ, ಕೊಕ್ಕೆಯ ಕಾಂಡದಷ್ಟೇ ಉದ್ದ ಇರಲಿ. ಅಲ್ಲೇ 36 ಗೇಜಿನ ತಂತಿ ಮತ್ತು ಕಪ್ಪು ಉಣ್ಣೆ ದಾರ ಕಟ್ಟಿ. ಉಣ್ಣೆಯನ್ನು ಕಣ್ಣಿನ ಹತ್ತಿರದವರೆಗೆ ಸುತ್ತಿ, ಆದರೆ ತಲೆಗೆ ಜಾಗ ಬಿಡಿ. ಎರಡು ಕಣ್ಣಿನಷ್ಟು ಜಾಗ ಬೇಕು. ಈಗ ಹುಂಜದ ಸೊಂಟದ ಗರಿಯೊಂದನ್ನು ಮುಂದೆ ಕಟ್ಟಿ, ಮೊಸಳೆ ಕ್ಲಿಪ್ಪಿನಲ್ಲಿ ತುದಿ ಹಿಡಿದು, ಐದಾರು ಅಗಲ ಸುತ್ತಿನಲ್ಲಿ ಹಿಂದಕ್ಕೆ ಬನ್ನಿ. ಕ್ಲಿಪ್ ಬಾಲದ ಹತ್ತಿರ ತೂಗಾಡುತ್ತಿರಲಿ. ತಾಮ್ರದ ತಂತಿಯನ್ನು ಗರಿಯ ಕಡ್ಡಿಯ ಮೇಲೆ ಅಡ್ಡ ಹಾಯಿಸಿ, ಎಳೆಗಳು ಸಿಕ್ಕಿಕೊಳ್ಳದಂತೆ ಸೂಜಿಯಿಂದ ಬಿಡಿಸುತ್ತಾ, ಮುಂದಕ್ಕೆ ತನ್ನಿ. ಗರಿಯನ್ನು ಭದ್ರ ಮಾಡುವುದು ಈ ತಂತಿಯೇ. ಮುಂದೆ ತಂತಿ ಕಟ್ಟಿ, ಹೆಚ್ಚಾದದ್ದನ್ನು ಹಳೇ ಕತ್ತರಿಯಲ್ಲಿ ಕೊಯ್ದು, ಬಾಲದ ಹತ್ತಿರ ಉಳಿದ ಗರಿತುದಿಯನ್ನು ಒಳ್ಳೆ ಕತ್ತರಿಯಲ್ಲಿ ತೆಗೆಯಿರಿ.

ತಲೆಯನ್ನು ದಾರದಿಂದ ದುಂಡಗೆ ಕಟ್ಟಿ, ಪೆನ್ನಿನಿಂದ ನಾಲ್ಕು ಗಂಟು, ಆಮೇಲೆ ಸೂಜಿ ತುದಿಯಲ್ಲಿ ಒಂದೇ ಹನಿ ನೇಲ್ ಪಾಲಿಶ್. ಹನಿ ಒಣಗುವ ಮುಂಚೆ ಅದೇ ಸೂಜಿಯನ್ನು ಒರೆಸಿ ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ ತೆಗೆಯಿರಿ, ಇಲ್ಲದಿದ್ದರೆ ನೀರಿನ ಹತ್ತಿರ ನಿಂತಾಗ ದಾರ ಪೋಣಿಸಲು ಕಣ್ಣೇ ಇರುವುದಿಲ್ಲ.